ಎಡಕ್ಕೆ ಕಾಲು ಸುತ್ತು

ಈ ವರ್ಷ ಇದು ಹದಿನೇಳನೆಯ ಅಡುಗೆಮನೆ.
ಸಂಡರ್‌ಲೆಂಡಿನ ಇಟ್ಟಿಗೆಯ ಸಾಲುಮನೆ, ಬೆಳಗಿನ ಐದೂಕಾಲು,
ಬಾಗಿಲು ತೆಗೆದ ಥರ್ಲ್‌ವೆಲ್ ಅಜ್ಜಿಯ ಕಾಲಲ್ಲಿ
ತೀರಿಕೊಂಡ ಗಂಡನ ಮೀನು ಹಿಡಿಯುವ ಬೂಟು.
ಅವಳ ಹಿಂದಿನಿಂದ ಒಂದು ಈರುಳ್ಳಿ ನಿಧಾನ ತೇಲಿ ಬಂತು
ನಮ್ಮನ್ನು ಎದುರುಗೊಳ್ಳಲು.

ಕೆಲಸ ಕಲಿಯುವ ಹುಡುಗಿ ಕೆಜಾಯ, ಹತ್ತೊಂಬತ್ತು, ಬಾಯಲ್ಲಿ ಟಾರ್ಚು,
ನಾನು ಹೇಳುವ ಮೊದಲೇ ಬೀದಿಯ ಮುಚ್ಚಳ ಎತ್ತಿ
ನೀರು ನಿಲ್ಲಿಸಿದ್ದಳು.
ನಾನು ಸಿಂಕಿನಡಿ ತಲೆ ತೂರಿಸಿದೆ.
ನೋಡದೆಯೂ ಗೊತ್ತಿತ್ತು.

ಅದೇ ನಲ್ಲಿ.
ಹಂಸದ ಕತ್ತು, ಕನ್ನಡಿ ಮೈ,
ಕ್ಯಾಟಲಾಗಿನ ಮುಖಪುಟಕ್ಕೆಂದೇ ಹುಟ್ಟಿದ ಚೆಲುವೆ.

ದೋಷ ಹೇಳುತ್ತೇನೆ, ಒಂದು ಉಸಿರಿನದು:
ಕತ್ತು ತಿರುಗಬೇಕು, ಬುಡ ತಿರುಗಬಾರದು.
ಬುಡವನ್ನು ಹಿಡಿದಿರುವುದು ಒಂದೇ ಒಂದು ತಿರುಪು,
ನನ್ನ ಕಿರುಬೆರಳಿಗಿಂತ ಸಣ್ಣದು.
ಅದು ಸಡಿಲಗೊಂಡ ದಿನದಿಂದ
ಕತ್ತಿನ ಜೊತೆ ಬುಡ, ಬುಡದ ಜೊತೆ
ಹೊಟ್ಟೆಗೆ ಸಿಕ್ಕಿಸಿದ ಎರಡು ಮೆತು ಪೈಪು,
ಪಾತ್ರೆಗೆಂದು ಬಲಕ್ಕೆ, ಕೆಟಲಿಗೆಂದು ಎಡಕ್ಕೆ,
ಪ್ರತಿ ಸಲ ಕೂದಲೆಳೆಯಷ್ಟು ಕಳಚುತ್ತಾ.

ಬಲಕ್ಕೆ ಬಂದಾಗ ಮತ್ತೆ ಬಿಗಿಯಬೇಕಲ್ಲ? ಎಂದಿದ್ದಳು ಕೆಜಾಯ.
ಬಿಗಿಯಬೇಕು.
ಬಿಗಿಯುವುದಿಲ್ಲ.
ಪೈಪು ನುಲಿದುಕೊಂಡು ಸುಮ್ಮನಾಗುತ್ತದೆ.

ಪೂರ್ತಿ ಕಳಚಲು ಮೂರು ವರ್ಷದ ಚಹಾ ಬೇಕು.
ವಾರಂಟಿ ಎರಡು ವರ್ಷದ್ದು.

ಒಂಬತ್ತನೆಯ ಮನೆಯಾದ ಮೇಲೆ ಕಂಪನಿಗೆ ಫೋನು ಮಾಡಿದ್ದೆ.
ನಲವತ್ತು ನಿಮಿಷ ಪಿಯಾನೋ ಕೇಳಿಸಿ
ಒಂದು ಎಳೆಯ ದನಿ ಓದಿ ಹೇಳಿತು:
ಉತ್ಪನ್ನದಲ್ಲಿ ದೋಷವಿಲ್ಲ, ಕೂರಿಸಿದವರದು.

ಕೂರಿಸಿದವರು.
ಇಲ್ಲಿ, ಈ ಕಪಾಟಿನ ಬಾಗಿಲ ಒಳಮೈಗೆ
ಒದ್ದೆಯಾಗಿ ಸುರುಳಿ ಸುತ್ತುತ್ತಿರುವ ಚೀಟಿಯಲ್ಲಿ
ದಿನಾಂಕ ಇದೆ, ಫೋನ್ ನಂಬರ್ ಇದೆ,
ಆಲ್ವಿನ್ ಹೆಸ್ಲೋಪ್, ಪ್ಲಂಬರ್, ಎಂದಿದೆ ನನ್ನದೇ ಅಕ್ಷರ.
ಹದಿನೇಳರಲ್ಲಿ ಹನ್ನೊಂದು ನಾನೇ ಕೂರಿಸಿದವು.

ಅಪ್ಪ ವೇರ್ ನದಿಯ ಹಡಗುಕಟ್ಟೆಯಲ್ಲಿ ಪೈಪ್ ಫಿಟ್ಟರ್.
ಅವನ ಕಾಲಕ್ಕೆ ನೀರು ಹೊರಗಿರುತ್ತಿತ್ತು,
ಅದನ್ನು ಹೊರಗೇ ಇಡುವುದು ಕಸುಬು.
ಗಟ್ಟಿ ಕೂತಿತು ಅನಿಸಿದ ಮೇಲೆ
ಇನ್ನೊಂದು ಕೂದಲು, ಅಷ್ಟೇ, ಎನ್ನುತ್ತಿದ್ದ.
ನಾನೂ ಅಷ್ಟೇ ಬಿಗಿದಿದ್ದೆ, ಆಣೆಯಾಗಿ.
ಆದರೂ ರಾತ್ರಿ ಹೊತ್ತು ಹಾಸಿಗೆಯಲ್ಲಿ
ಬಲಗೈ ತಾನಾಗಿ ಸ್ಪ್ಯಾನರ್ ಹಿಡಿದು
ಗಾಳಿಯನ್ನು ತಿರುಗಿಸುತ್ತದೆ.

ಕೆಜಾಯ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.
ಅವಳಮ್ಮನ ಬ್ರೆಡ್ಡು ಕೊಯ್ಯುವ ಹಲಗೆಯಲ್ಲಿ
ಕುದುರೆಲಾಳದ ಆಕಾರ ಕೊರೆದು ತಂದಳು,
ಬುಡದಡಿಗೆ ಸಿಕ್ಕಿಸಿ, ಎರಡನೆಯ ನಟ್ಟು ಹಾಕಿ,
ಈಗ ತಿರುಗಿಸಿ ನೋಡು, ಎಂದಳು.
ತಿರುಗಿಸಿದೆ. ಕತ್ತು ಬಂತು.
ಬುಡ ಬರಲಿಲ್ಲ.
ಹಲಗೆಗೆ ಅಮ್ಮನ ಕೈಲಿ ಏಟು ತಿಂದಳಂತೆ.

ಥರ್ಲ್‌ವೆಲ್ ಅಜ್ಜಿ ಬೂಟಿನಲ್ಲೇ ನಿಂತು
ಅಭ್ಯಾಸಬಲದಿಂದ ಕೆಟಲು ಹಿಡಿದು ಬಂದಳು,
ನಿಮಗೆ ಚಹಾ ಮಾಡಲೇ, ಎಂದು.
ಮೂವರೂ ನಲ್ಲಿಯ ಕಡೆ ನೋಡಿದೆವು.

ನನ್ನ ಹಳೆಯ ರಸೀದಿ ಪುಸ್ತಕದ ಲೆಕ್ಕ: ನಲವತ್ತು.
ಒಡೆದವು ಹನ್ನೊಂದು. ಉಳಿದವು ಇಪ್ಪತ್ತೊಂಬತ್ತು.
ಭಾನುವಾರ ವ್ಯಾನಿನ ಹಿಂದೆ ಲಾಳಗಳ ಪೆಟ್ಟಿಗೆ ಇಟ್ಟುಕೊಂಡು
ಒಣಗಿದ ಮನೆಗಳ ಗಂಟೆ ಒತ್ತುತ್ತೇವೆ.
ನಿಮ್ಮ ಅಡುಗೆಮನೆಗೆ ನೀರು ನುಗ್ಗಿಲ್ಲ, ಎನ್ನುತ್ತೇನೆ,
ಅದಕ್ಕೇ ಬಂದೆವು.

ಬಾಗಿಲ ಸರಪಳಿ ತೆಗೆಯದೆಯೇ
ಫುಲ್‌ವೆಲ್ ರಸ್ತೆಯ ಒಡುಯ ಕೇಳುತ್ತಾರೆ: ಎಷ್ಟಾಗುತ್ತೆ?
ಏನೂ ಇಲ್ಲ, ಎಂದೆ.
ಏನೂ ಇಲ್ಲವೇ?
ಅವರ ಮುಖದಲ್ಲಿ ಅನುಮಾನ ಈಗ ನಿಜಕ್ಕೂ ಹುಟ್ಟಿತು.

ಒಳಗೆಲ್ಲೋ ಯಾರೋ ಕೆಟಲಿಗೆ ನೀರು ಹಿಡಿಯುತ್ತಿದ್ದರು.
ಕೆಜಾಯ ಕಿವಿಗೊಟ್ಟಳು.
ಎಡಕ್ಕೆ, ಎಂದು ಪಿಸುಗುಟ್ಟಿದಳು.