ಎರಡು ಕರಾವುಗಳ ನಡುವೆ

ಊರಿಗೆಲ್ಲ ಇರುವುದು ಬ್ಯಾಂಡಿನವರ ಹಾಲ್ ಒಂದೇ,
ಅದರ ಬೀಗದ ಕೈ ನನ್ನ ಏಪ್ರನ್ನಿನ ಜೇಬಿನಲ್ಲಿ.
ಹಾಗಾಗಿ ಕೇಳಬೇಕಾದವಳೂ ನಾನೇ:
ಊಟ ಹಗಲಿಗೋ, ಸಂಜೆಗೋ?

ಸಂಜೆ, ಅಂದಳು ನನ್ನ ಸೋದರಸೊಸೆ ದೆವುಲಿಂದ.
ಬೆನ್ನುದ್ದಕ್ಕೂ ಇಪ್ಪತ್ತೆರಡು ಗುಂಡಿಯ ಆ ಉಡುಪನ್ನು
ದೀಪದ ಬೆಳಕಿಗೆಂದೇ ಹೊಲಿಸಿದ್ದಂತೆ;
ಹಗಲಲ್ಲಿ ಅದು ಬರೀ ಬಿಳಿ,
ಚೀಸ್ ಸೋಸುವ ಬಟ್ಟೆಯ ಹಾಗೆ.

ಎವರಿಸ್ತು ಏನೂ ಅನ್ನಲಿಲ್ಲ.
ಹದಿನೇಳು ಹಸುಗಳಿರುವವನು
ಸಂಜೆಯ ಬಗ್ಗೆ ಏನು ತಾನೇ ಅಂದಾನು?
ಮೊಣಕಾಲ ಮೇಲೆ ಟೋಪಿ ತಿರುಗಿಸುತ್ತ ಕೂತ.

ಸಾವ್ ಜಾರ್ಜ್ ದ್ವೀಪದ ಈ ತುದಿಯಲ್ಲಿ
ಗಡಿಯಾರ ಇರುವುದು ಕೆಚ್ಚಲಿನಲ್ಲಿ.
ಬೆಳಗಿನ ಐದಕ್ಕೊಮ್ಮೆ, ಸಂಜೆಯ ಐದಕ್ಕೊಮ್ಮೆ ಬಿಗಿಯುತ್ತದೆ.
ಪಾದ್ರಿ ಕೂಡ ಪ್ರವಚನವನ್ನು
ಅದರ ಅಳತೆಗೇ ಕತ್ತರಿಸುತ್ತಾರೆ.

ಹಿಂಡಿಯ ಬಿಲ್ಲಿನ ಹಿಂಬದಿಗೆ ಗೆರೆ ಎಳೆದೆ.
ಎರ್ಮೀನಿಯ ಅಜ್ಜಿ: ಹಗಲು.
ಹೊತ್ತು ಮುಳುಗಿದರೆ ಅವಳಿಗೆ
ಮುಖಗಳೆಲ್ಲ ನಾದಿಟ್ಟ ಹಿಟ್ಟು.
ಬಂಡೆಯ ಬುಡದ ಕೇರಿಯಿಂದ ಬರುವ ಮಾವಂದಿರು: ಹಗಲು.
ಕುಡಿದ ಕಾಲಿಗೆ ಆ ಇಳಿಜಾರಿನಲ್ಲಿ ಬೆಳಕು ಬೇಕು.
ಟ್ರಂಬೋನಿನ ಕ್ವಿಂತೀನು: ಸಂಜೆ,
ಉಂಡ ಬಿಸಿಲಲ್ಲಿ ಊದಿದರೆ ಅವನಿಗೆ ತೇಗು ಬರುತ್ತದೆ.

ನನ್ನನ್ನು ಯಾರೂ ಕೇಳಲಿಲ್ಲ.
ನಮ್ಮದು ಹಗಲಿನ ಮದುವೆ.
ಐದಕ್ಕೆ ನನ್ನ ಮುಸುಕು ಬೇಲಿಯ ಗೂಟದ ಮೇಲಿತ್ತು,
ಬಕೆಟ್ಟು ನನ್ನ ಕೈಯಲ್ಲಿತ್ತು,
ಅವನು ಹಸುವಿನ ಪಕ್ಕೆಗೆ ಹಣೆ ಆನಿಸಿಕೊಂಡು
ನನ್ನ ಹೆಸರನ್ನೇ ತಪ್ಪಿ ಹಸುವಿಗೆ ಕರೆದಿದ್ದ.
ಮೂವತ್ತು ವರ್ಷ ಅದಕ್ಕೇ ನಕ್ಕೆವು.

ಕೊನೆಗೆ ಕಾರ್ಡಿನಲ್ಲಿ ಹೀಗೆ ಅಚ್ಚಾಯಿತು:
ಊಟ ಒಂದು ಗಂಟೆಗೆ.
ಮುಗಿಯುವುದು ಯಾವಾಗ ಎಂದು ಬರೆಯಲಿಲ್ಲ.

ಐದಕ್ಕೆ ಹದಿನೈದು ನಿಮಿಷ ಇದೆ ಅನ್ನುವಾಗ
ಒಂದು ಕುರ್ಚಿ ಕರ್ರೆಂದಿತು. ಆಮೇಲೆ ಇನ್ನೊಂದು.
ಬಾಗಿಲ ಬಳಿ ಸಾಲಾಗಿ ಕಾದಿದ್ದ ರಬ್ಬರ್ ಬೂಟುಗಳೊಳಗೆ
ಇಸ್ತ್ರಿಯ ಪ್ಯಾಂಟುಗಳು ಇಳಿದವು.
ಮದುಮಗನೂ ಹೊರಟ, ಬಾಯಲ್ಲಿನ ಪಾಯಸ ನುಂಗುತ್ತ.
ಪಿಕಪ್ಪುಗಳ ಸದ್ದು ಗುಡ್ಡ ಹತ್ತಿ ಆರಿತು.

ಉಳಿದವರು ನಾವು.
ಕುರ್ಚಿಗಳಲ್ಲಿ ಬಿಟ್ಟುಹೋದ ಕೋಟುಗಳು
ಗಂಡಸರಂತೆಯೇ ಕೂತಿದ್ದವು,
ಅವರಿಗಿಂತ ಮರ್ಯಾದೆಯಿಂದ.
ಮೊದಲು ಯಾರೋ ಚಪ್ಪಲಿ ಬಿಟ್ಟರು,
ಆಮೇಲೆ ಎಲ್ಲರೂ ಬಿಟ್ಟರು.
ಮಕ್ಕಳು ಟ್ರಂಬೋನಿನೊಳಗೆ ದ್ರಾಕ್ಷಿ ಹಾಕಿದರು.

ಗೋಧೂಳಿಯ ಹೊತ್ತು.
ಇಲ್ಲಿನ ಹುಲ್ಲು ವರ್ಷವಿಡೀ ಒದ್ದೆ, ಧೂಳು ಏಳುವುದಿಲ್ಲ;
ಆದರೂ ಪಡುವಣ ಕಿಟಕಿಯಿಂದ
ಬಿಸಿಲು ಓರೆಯಾಗಿ ಬಂದು ಮೇಜಿನ ಕಾಗದದ ಮೇಲೆ ಕೂತಿತು.
ಅಜ್ಜಿ ಮದುಮಗಳನ್ನು ಅದರೊಳಗೆ ನಿಲ್ಲಿಸಿ
ಬೆನ್ನಿನ ಗುಂಡಿ ಎಣಿಸಿದಳು, ಬೆರಳಿಟ್ಟು, ಜೋರಾಗಿ.
ಇಪ್ಪತ್ತೊಂದು.
ಮತ್ತೊಮ್ಮೆ. ಇಪ್ಪತ್ತೊಂದೇ.

ಒಂದು ಕೋಟಿನ ತೋಳಿನಿಂದ ಕಂದು ಗುಂಡಿ ಕಿತ್ತು
ಆ ಜಾಗಕ್ಕೆ ಹೊಲಿದಳು ಅಜ್ಜಿ;
ದಾರ ಕಚ್ಚಿ ತುಂಡರಿಸಿ, ರಾತ್ರಿಗೆ ಯಾರಿಗೆ ಕಾಣುತ್ತೆ, ಅಂದಳು.
ದೆವುಲಿಂದ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ
ನನ್ನ ಮಡಿಲಲ್ಲಿ ತಲೆಯಿಟ್ಟಳು.
ಏನಾದರೂ ಹೇಳುತ್ತಾಳೆಂದು ಕಾದೆ.
ಕಾಲು ನೋಯುತ್ತಿದೆ ಅತ್ತೆ, ಅಂದಳು.

ಏಳೂವರೆಗೆ ಬಂದರು, ಒದ್ದೆ ಕೂದಲು,
ಸೋಪಿನಡಿ ಅಡಗದ ಹಾಲಿನ ವಾಸನೆ.
ದೀಪ ಹಾಕಿದೆ. ಬ್ಯಾಂಡು ಶುರುವಾಯಿತು;
ಕ್ವಿಂತೀನು ಊದಿದ್ದಕ್ಕೆ ಮೊದಲು ಹೊರಬಂದದ್ದು ದ್ರಾಕ್ಷಿ.
ಕಡಲಹಕ್ಕಿಗಳು ಬಂಡೆಗೆ ಮರಳುತ್ತ
ಕುಡುಕರ ಹಾಗೆ ಕೂಗಿದವು.
ಎವರಿಸ್ತುವಿನ ಬೆರಳು ಕುಣಿಯುವಾಗ ಆ ಒಂದು ಗುಂಡಿಯ ಮೇಲೆ
ಒಂದು ಗಳಿಗೆ ನಿಂತಿತು. ಏನೂ ಅನ್ನಲಿಲ್ಲ.
ಬಂಡೆಯ ಬುಡದವರು ಆ ರಾತ್ರಿ ಇಳಿಯಲೇ ಇಲ್ಲ,
ಹಾಲಿನಲ್ಲೇ ಮಲಗಿದರು.

ಬಾಡಿಗೆ ಪುಸ್ತಕದಲ್ಲಿ ಹಗಲಿನ ದರವನ್ನೇ ಬರೆದೆ.
ಬೆಳಗಿನ ಐದಕ್ಕೆ ಪಿಕಪ್ಪುಗಳು ಮತ್ತೆ ಗುಡ್ಡ ಹತ್ತುವಾಗ
ಕಸ ಗುಡಿಸುತ್ತಿದ್ದೆ.
ಮದ್ದಳೆಯಷ್ಟು ದಪ್ಪದ ಡ್ರಮ್ಮಿನಡಿ ಸಿಕ್ಕಿತು ಮುತ್ತಿನ ಗುಂಡಿ.
ಬೀಗದ ಕೈಯ ಜೊತೆ ಜೇಬಿನಲ್ಲಿದೆ,
ಇನ್ನೂ ಕೊಟ್ಟಿಲ್ಲ.