ಆನೆ ಎಲ್ಲಿದೆ?

ಮಾಲ್ದಾರೆ ತಿರುವಿನಲ್ಲಿ ಮಾತ್ರ ನೆಟ್‌ವರ್ಕು.
ಜೀಪು ನಿಲ್ಲಿಸಿ, ದೀಪ ಆರಿಸಿ ಕೂತೆವು.
ಚುಬ್ರ ಮತ್ತೆ ಸೋತ,
ಇವತ್ತಿಗೆ ಏಳನೆಯದು.
ರೇಟಿಂಗು ನಾನೂರ ಹನ್ನೆರಡು.
"ಕ್ಯಾಂಟೀನ್ ಸಾಲಕ್ಕಿಂತ ಕಮ್ಮಿ" ಅಂತ ನಕ್ಕ.

ತೋರಿಸು ಅಂದೆ. ಆಟವನ್ನು ಹಿಂದಕ್ಕೆ ಎಳೆದೆವು.
ಮೂರನೇ ನಡೆಗೇ ಮಂತ್ರಿಯನ್ನು
ಹೊರಗೆ ಓಡಿಸಿದ್ದಾನೆ; ಒಂಟೆಗಳಿನ್ನೂ
ಲೈನ್‌ಮನೆಯಲ್ಲಿ ಮಲಗಿವೆ.
ಅದಿರಲಿ.
ಹದಿನೆಂಟನೆಯದಕ್ಕೆ, ಒಂದು ಕುದುರೆಯ ಆಸೆಗೆ
ಬಾಗಿಲು ತೆರೆದಿಟ್ಟು ಹೋಗಿದ್ದಾನೆ.
ಬಿಳಿ ಆನೆ ನೇರ ಬಂದು
ರಾಜನ ಅಂಗಳದಲ್ಲಿ ನಿಂತಿತು.

"ಕಾಣಲಿಲ್ಲ ಮಾರಾಯ."

ಕಾಣಲಿಲ್ಲ!
ಬೆಳಗಿನ ಐದಕ್ಕೆ ಇಡೀ ಸಿದ್ದಾಪುರದ ಫೋನಿಗೆ
ಯಾವ ತೋಟ, ಎಷ್ಟು ಆನೆ, ಮರಿ ಇದೆಯೋ ಇಲ್ಲವೋ
ಬರೆದು ಕಳಿಸುವವನು;
ಲದ್ದಿ ಮುಟ್ಟಿ ಹೊತ್ತು ಹೇಳುವವನು;
ಕಾಫಿ ಗಿಡದ ಎಲೆ ಅಲ್ಲಾಡದಿದ್ದರೂ
ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸುವವನು.

ತೋಟದಲ್ಲಿ ಹೆಜ್ಜೆ ಇಡೋ ಮೊದಲು
ಏನು ಕೇಳ್ಕೋತೀಯ?
ಬೀಡಿ ಆರುವವರೆಗೆ ಯೋಚಿಸಿದ.
"ಅದು ಎಲ್ಲಿಂದ ಬರಬಹುದು ಅಂತ.
ನನ್ನ ದಾರಿ ಆಮೇಲೆ."
ಅಷ್ಟೇ ಪಾಠ ಅಂದೆ. ಬೆರಳು ಎತ್ತಿಟ್ಟು
ಹತ್ತು ಎಣಿಸು.

ಎಂಟನೇ ಆಟ. ಆಚೆ ಯಾರೋ,
ಯಾವುದೋ ದೇಶದ ಹಗಲಲ್ಲಿ.
ಚುಬ್ರ ಬೆರಳನ್ನು ಗಾಳಿಯಲ್ಲೇ ಹಿಡಿದು
ಎಷ್ಟು ಹೊತ್ತು ಕೂತನೆಂದರೆ
ಗಡಿಯಾರ ಮುಗಿದು ಅದನ್ನೂ ಸೋತ.

"ಆದ್ರೆ ನೋಡು, ಒಂದು ಕಾಯೂ ಪುಕ್ಕಟೆ ಕೊಡಲಿಲ್ಲ."
ಅವನ ಮುಖಕ್ಕೆ ಪರದೆಯ ಬೆಳಕು.

ಅಷ್ಟರಲ್ಲಿ ಎಡಗಡೆ
ಬಿದಿರು ಲಟಕ್ಕೆಂದಿತು.
ನಾನು ಕೀಲಿಗೆ ಕೈ ಹಾಕಿದೆ.
ತಡೆ, ಅಂದ ಚುಬ್ರ. ಎಣಿಸತೊಡಗಿದ.