ರಸ್ತೆಗೆ ಕಾಣುವಷ್ಟು

ಮನೆ ಅಂದರೆ ಒಳಗಲ್ಲ ಅಕ್ಕಾ, ಅಂದ ಬ್ರೋಕರ್ ಜವರಪ್ಪ,
ರಸ್ತೆಗೆ ಎಷ್ಟು ಕಾಣ್ತದೋ ಅಷ್ಟೇ ಮನೆ.
ಗೇಟು ತೆಗೆಯೋ ಮೊದಲೇ ಗಿರಾಕಿ
ಮನಸ್ಸಲ್ಲೇ ಕೂಡಿ ಕಳೆದಿರ್ತಾನೆ,
ಕಾಫಿ ಕುಡಿಯೋದು ಬರೀ ಮರ್ಯಾದೆಗೆ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಎದುರಿನ ಮೋರಿಕಲ್ಲಿನ ಮೇಲೆ ನಿಂತು
ಯಾರದೋ ಮನೆ ನೋಡುವ ಹಾಗೆ ನೋಡಿದೆ.

ಜೋತುಬಿದ್ದ ಗೇಟು.
ಸಜ್ಜದ ಕೆಳಗೆ ಡಿಕಾಕ್ಷನ್ ಚೆಲ್ಲಿದಂಥ ಕಲೆ.
ದೃಷ್ಟಿಗೆ ಕಟ್ಟಿದ ಬೂದುಗುಂಬಳ ಒಣಗಿ ಮುಷ್ಟಿಯಷ್ಟಾಗಿದೆ.
ತುಳಸಿಯ ಡಬ್ಬದ ಮೇಲೆ ಇನ್ನೂ ಓದಬಹುದು:
ಡಿಸ್ಟೆಂಪರ್, ಇಪ್ಪತ್ತು ಲೀಟರ್.

ಮತ್ತೆ, ಆ ಕಾಂಪೌಂಡು.

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ ನಮ್ಮದು.
ಹೊಳೆನರಸೀಪುರದಿಂದ ತಡೆದುಕೊಂಡು ಬಂದವರಿಗೆ
ಬಸ್ಸಿಳಿದ ಮೇಲೆ ಸಿಗುವ
ಮೊದಲ ಸುಮ್ಮನಿರುವ ಗೋಡೆ.
'ಇಲ್ಲಿ ಮೂತ್ರ ಮಾಡಬಾರದು' ಅಂತ ನನ್ನ ಗಂಡ
ಕೆಂಪಿನಲ್ಲಿ ಬರೆದ ವಾರಕ್ಕೆ
ಯಾರೋ ಇದ್ದಿಲು ಹಿಡಿದು
ಬಾರದು ಹೊಡೆದು ಬಹುದು ಮಾಡಿದ್ದರು.

ಆಮೇಲೆ ಸಂತೆಪೇಟೆಯಿಂದ ಟೈಲ್ಸು ತಂದದ್ದು.
ಐದೈದು ಅಡಿಗೆ ಒಬ್ಬರಂತೆ
ಮಂಜುನಾಥ, ಏಸು, ಮೆಕ್ಕಾ.
ಅವತ್ತಿಗೆ ಗೋಡೆ ಒಣಗಿತು.
ಹೂವಿನ ಚೆಲುವಮ್ಮ ಶುಕ್ರವಾರ ಉಳಿದ ಕನಕಾಂಬರವನ್ನು
ಮೂವರಿಗೂ ಮೊಳ ಮೊಳ ಸಿಕ್ಕಿಸುವಳು.
ಒಂದು ರಾತ್ರಿ ಕುಡಿದವನೊಬ್ಬ ಬಂದು, ನಿಂತು, ಕಂಡು,
ಏಸುವಿಗೆ ತಪ್ಪಾಯ್ತು ಅಂದು
ಪಕ್ಕದ ಮನೆಯ ಗೋಡೆಗೆ ಹೋದ.

ಅವನ್ನ ಮೊದಲು ತೆಗೆಸಿ, ಅಂದ ಜವರಪ್ಪ.
ದೇವರು ಅಲ್ಲಿ ಯಾಕೆ ನಿಂತವ್ರೆ ಅಂತ
ಗಿರಾಕಿಗೆ ಗೊತ್ತಾಗಲ್ವಾ?

ಪೇಂಟರ್ ಇಮ್ತಿಯಾಜ್ ಉಳಿ ಇಟ್ಟು
ಹಲ್ಲು ಕೀಳುವವನಂತೆ ಒಂದೊಂದೇ ಬಿಡಿಸಿದ.
ಮಂಜುನಾಥನ ಮೂಲೆ ಮುರಿಯಿತು.
ಅರ್ಧ ಗಂಟೆ ಮಾತಾಡಲಿಲ್ಲ ಅವನು;
ಕೊನೆಗೆ ಕೂಲಿಯಲ್ಲಿ ಹಿಡಕೊಳ್ಳಿ ಅಕ್ಕಾ ಅಂದ.
ಹಿಡಕೊಳ್ಳಲಿಲ್ಲ.
ಹಳೇ ವಾಯಿಲ್ ಸೀರೆಯಲ್ಲಿ ಮೂವರನ್ನೂ ಸುತ್ತಿ
ಅಟ್ಟಕ್ಕೆ ಏರಿಸಿದೆ.

ಗೋಡೆಗೆ ಬೆಣ್ಣೆ ಬಣ್ಣ. ಗೇಟಿಗೆ ಕಪ್ಪು, ತುದಿಗೆ ಚಿನ್ನ.
ಸಾಲಗಾಮೆ ರಸ್ತೆಯ ನರ್ಸರಿಯಿಂದ ಆರು ಕ್ರೋಟನ್ನು,
ಬಾಡಿಗೆಗೆ, ಹತ್ತು ದಿನ.
ಸಂಜೆ ಗಾಡಿಯಲ್ಲಿ ಬಂದ ಗಂಡ
ಮನೆ ದಾಟಿ ಹೋಗಿಬಿಟ್ಟ, ತಿರುಗಿ ಬಂದ.
ವೈಂಡಿಂಗ್ ಅಂಗಡಿಗೆ ಸ್ವಂತ ಮಳಿಗೆ ಬೇಕು,
ಅದಕ್ಕೇ ಮಾರೋಣ ಅಂದವನು ಅವನೇ.
ಈಗ ಗೇಟು ಹಿಡಿದು ಕೇಳಿದ:
ಇದನ್ನೆಲ್ಲ ನಮಗೋಸ್ಕರ ಯಾಕೆ ಮಾಡ್ಲಿಲ್ಲ?

ನಾವು ಒಳಗಿದ್ವಲ್ಲ, ಅಂದೆ.

ಭಾನುವಾರ ಬಂದರು ಗಿರಾಕಿ,
ಅರಕಲಗೂಡಿನ ಆಲೂಗಡ್ಡೆ ಮಂಡಿಯವರು,
ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ.
ಜವರಪ್ಪ ಇನ್ನೂ ಬಂದಿಲ್ಲ.
ನಾನು ಕರ್ಟನ್ನಿನ ಸಂದಿಯಲ್ಲಿ.
ಗೇಟು ನೋಡಿದರು, ಕುಂಡ ನೋಡಿದರು,
ಮೆಚ್ಚಿದಂತೆ ತಲೆ ಆಡಿಸಿದರು.
ಆಚೆ ಈಚೆ ನೋಡಿದರು.
ಬೆಣ್ಣೆ ಬಣ್ಣದ ಕಡೆ ತಿರುಗಿ ನಿಂತರು.

ಆ ನಿಲುವು ನನಗೆ ಗೊತ್ತು.
ಇಪ್ಪತ್ತಾರು ವರ್ಷ ಬೆನ್ನ ಕಡೆಯಿಂದ ನೋಡಿದ್ದೇನೆ.

ಒಳಗೆ ಬಂದವರಿಗೆ
ಕಾಫಿಗಿಂತ ಮೊದಲು ಕೈಗೆ ನೀರು ಕೊಟ್ಟೆ.
ಬಹಳ ಸಂಪ್ರದಾಯಸ್ಥರು, ಅಂದುಕೊಂಡಿರಬೇಕು.
ಹೊರಗಡೆ ಎಷ್ಟು ಚೊಕ್ಕಟ ಇಟ್ಟಿದ್ದೀರಮ್ಮ,
ಅದೇ ಹಿಡಿಸ್ತು ನನಗೆ, ಅಂದರು.
ಎರಡು ಲಕ್ಷ ಇಳಿಸಿ, ಅಂದರು.

ಅಷ್ಟರಲ್ಲಿ ಓಡಿಬಂದ ಜವರಪ್ಪ ಕಾಲು ತುಳಿಯುತ್ತಲೇ ಇದ್ದ.
ಒಂದು ರೂಪಾಯಿಯೂ ಇಳಿಯಲ್ಲ, ಅಂದೆ.
ದನಿ ಎಲ್ಲಿಂದ ಬಂತೋ,
ಅವರೂ ಯಾಕೋ ತಲೆ ತಗ್ಗಿಸಿ
ಅಡ್ವಾನ್ಸ್ ಎಣಿಸಿದರು.

ಬೀಗದ ಕೈ ಕೊಡುವ ದಿನ
ಅಟ್ಟದ ಗಂಟನ್ನೂ ಕೊಡುತ್ತೇನೆ.
ಇದೇನಮ್ಮ ಅಂದರೆ
ಮನೆಯದೇ ಸಾಮಾನು, ಬೇಕಾಗ್ತದೆ ಅನ್ನುತ್ತೇನೆ,
ಒಂದರ ಮೂಲೆ ಮಾತ್ರ ಮುರಿದಿದೆ.